ಗೋಡೆ ನೋಡಲು ಬಂದವರು

ಸುದ್ದಿ ಬಂದಾಗ ನಾನು ಶಿರಸಿಯ ಹಿಟ್ಟಿನ ಗಿರಣಿಯಲ್ಲಿ ನಿಂತಿದ್ದೆ. ನನಗಿಂತ ಮುಂಚೆ ಬಂದವರು ಮೆಣಸಿನಕಾಯಿ ಬೀಸಿಸಿಕೊಂಡು ಹೋಗಿದ್ದರು, ಅದರ ಘಾಟು ನನ್ನ ಗೋಧಿಗೆ ಹತ್ತೀತೇ ಎಂಬುದು ಆ ಹೊತ್ತಿನ ನನ್ನ ಚಿಂತೆ. ಅಷ್ಟರಲ್ಲಿ ಫೋನು ಗುರ್ರೆಂದಿತು. ನಾನು ದುಭಾಷಿಯಾಗಿದ್ದ ವಿದೇಶಿ ಲೇಖಕಿಯ ತಂಗಿಯ ಮಗಳು ಇಂಗ್ಲಿಷಿನಲ್ಲಿ ಎರಡೇ ಮಾತು ಬರೆದಿದ್ದಳು. ದೊಡ್ಡಮ್ಮ ನಿನ್ನೆ ತೀರಿಕೊಂಡರು, ನಿಮಗೆ ಮೊದಲು ತಿಳಿಸಬೇಕೆಂದು ಹೇಳಿಟ್ಟಿದ್ದರು.

'ಚೀಲದ ಬಾಯಿ ಅಗಲ ಹಿಡೀರಿ ಅಕ್ಕಾ, ಚೆಲ್ತದೆ' ಅಂದ ಗಿರಣಿಯವನು.

ಅಗಲ ಹಿಡಿದೆ. ಮನೆಗೆ ಬಂದು ಅದೇ ಹಿಟ್ಟು ಕಲಸಿ ಚಪಾತಿ ಮಾಡಿದೆ. ಎಲ್ಲರೂ ಉಂಡ ಮೇಲೆ ಬಚ್ಚಲಿಗೆ ಹೋಗಿ, ಸದ್ದು ಕೇಳಬಾರದೆಂದು ನಲ್ಲಿ ಬಿಟ್ಟುಕೊಂಡು ಅತ್ತೆ. ಮೇಲಿನ ಟ್ಯಾಂಕು ಖಾಲಿಯಾದೀತೆಂಬ ಹೆದರಿಕೆಗೆ ನಡುವೆ ನಲ್ಲಿ ನಿಲ್ಲಿಸಿದೆ. ನಲ್ಲಿಯ ಜೊತೆ ಅಳುವೂ ನಿಂತುಹೋಯಿತು. ನನ್ನ ಜಾಯಮಾನವೇ ಹಾಗೆ, ಯಾವ ದುಃಖವನ್ನೂ ಚಿಂತೆ ಪೂರ್ತಿ ಮಾಡಗೊಡುವುದಿಲ್ಲ. ಆ ದಿನದಿಂದ ಕಂತಿನಲ್ಲಿ ಅಳುತ್ತಿದ್ದೇನೆ.

ಅವರು ಬೆಲ್ಜಿಯಂನವರು, ಫ್ರೆಂಚಿನಲ್ಲಿ ಬರೆಯುತ್ತಿದ್ದರು. ಲೇಖಕಿ, ಜನಜೀವನದ ಅಧ್ಯಯನ ಮಾಡುವವರು. ಈ ಎರಡನೆಯದೇನೆಂದು ಬನವಾಸಿ ಕಡೆಯ ನನ್ನ ಅವ್ವನಿಗೆ ತಿಳಿಸಲು ಹೋಗಿ ನಾನು ಸೋತಿದ್ದೇನೆ.

'ಜನರ ನಡುವೆ ಇದ್ದು, ಅವರು ಹೆಂಗ ಬದುಕ್ತಾರ ಅಂತ ನೋಡಿ ಬರಿಯೋರು, ಅವ್ವಾ.'

'ಅಂದ್ರ ಜಾತಿ ಎಣಿಸಾಕ ಬಂದಾರೇನು?'

'ಅಲ್ಲ. ಸುಮ್ನ ನೋಡ್ತಾರ, ಕೇಳ್ತಾರ, ಬರೀತಾರ.'

'ಮಂದಿ ಮನಿ ಇಣುಕಿ ನೋಡಾಕ ಆ ದೇಶದಾಗ ಪಗಾರ ಕೊಡ್ತಾರ? ನಮ್ಮ ಓಣ್ಯಾಗ ಪುಕ್ಕಟೆ ಮಾಡ್ತಾರಲ್ಲ!'

ಇದನ್ನು ಅವರಿಗೆ ಹಾಗೇ ಅನುವಾದಿಸಿ ಹೇಳಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟಿನವರು ತಿರುಗಿ ನೋಡುವ ಹಾಗೆ ನಕ್ಕರು. ಆಮೇಲೆ ನಮ್ಮ ಅವ್ವನನ್ನು ನೋಡಲೇಬೇಕೆಂದು ಹಟ ಹಿಡಿದು ಬಂದು, ಕಟಕ ರೊಟ್ಟಿ ತಿಂದು, ನೆತ್ತಿಗೇರಿಸಿಕೊಂಡು ಕೆಮ್ಮಿದರು. ಅವ್ವ ಅವರ ತಲೆ ತಟ್ಟಿ 'ಯಾರೋ ನೆನಿಸ್ಯಾರ ನೋಡ್ರಿ ನಿಮ್ಮನ್ನ' ಅಂದಳು. ಯಾರು ನೆನೆಸಬೇಕು? ತಂಗಿಯ ಮಗಳೊಬ್ಬಳ ಹೊರತು ಅವರಿಗೆ ಅಂಥವರು ಯಾರೂ ಇರಲಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು.

ನಾನು ಅವರ ದುಭಾಷಿಯಾದದ್ದು ಆಕಸ್ಮಿಕ. ಶಿರಸಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ, ವಿದೇಶದವರೆಂದರೆ ಇಂಗ್ಲಿಷಿನವರೇ ಎಂದುಕೊಂಡ ಯಾರೋ ನನ್ನ ಹೆಸರು ಹೇಳಿದ್ದರು. ಇಬ್ಬರಿಗೂ ಪರಭಾಷೆಯಾದ ಇಂಗ್ಲಿಷಿನಲ್ಲಿ ಅವರು ನನಗಿಂತ ಹೆಚ್ಚು ತಡವರಿಸುತ್ತಾರೆಂದು ಗೊತ್ತಾದ ಮೇಲೆ ನನಗೆ ಧೈರ್ಯ ಬಂತು. ಅವರ ಪುಸ್ತಕಗಳೆಲ್ಲ ನನ್ನ ಕಪಾಟಿನಲ್ಲಿವೆ. ಒಂದನ್ನೂ ಓದಲಾರೆ. ಹಿಂಬದಿಯ ಚಿತ್ರದಲ್ಲಿ ಅವರು ಒಂದೊಂದು ಪುಸ್ತಕಕ್ಕೆ ಒಂದಿಷ್ಟು ಮುದುಕಿಯಾಗುತ್ತ ಹೋಗುವುದನ್ನು ಮಾತ್ರ ನೋಡಬಲ್ಲೆ.

ಬದುಕಿನ ಕಥೆಯನ್ನು ಅವರು ಹೇಳಿದ್ದು ಬಸ್ಸುಗಳಲ್ಲಿ, ಬಿಡಿಬಿಡಿಯಾಗಿ. ಹುಟ್ಟಿದ್ದು ಕಲ್ಲಿದ್ದಲ ಗಣಿಯ ಊರಿನಲ್ಲಿ. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದರು. ಬಾವಿ ಕೊರೆಸುವ ಎಂಜಿನಿಯರನ ಕೈಹಿಡಿದು ಆಫ್ರಿಕದ ಮರುಭೂಮಿಯಂಚಿನ ಒಂದು ಊರಿಗೆ ಹೋದರು. ಅಲ್ಲಿನ ಹೆಂಗಸರು ಮಳೆ ಮುಗಿದ ಕೂಡಲೇ ಮನೆಯ ಗೋಡೆಗೆ ಮಣ್ಣು ಮೆತ್ತಿ, ಬೆರಳಿನಿಂದ ಚಿತ್ರ ಬರೆಯುತ್ತಿದ್ದರಂತೆ. ಮುಂದಿನ ಮಳೆಗೆ ಅದೆಲ್ಲ ಕೊಚ್ಚಿಹೋಗುವುದು, ಮತ್ತೆ ಬರೆಯುವುದು. ಗಂಡನ ಕೆಲಸ ಮುಗಿಯಿತು, ಆತ ಹೊರಟ. ಇವರು 'ಇದೊಂದು ಮಳೆಗಾಲ ನೋಡಿ ಬರುತ್ತೇನೆ' ಅಂದರು. ಮಳೆಗಾಲಗಳು ಬಹಳ ಕಳೆದವು, ಆತ ಬೇರೆ ಮದುವೆಯಾದ. 'ಅವನ ತಪ್ಪಿಲ್ಲ. ಮಳೆ ಅಲ್ಲಿ ತಡವಾಗಿ ಬರುತ್ತಿತ್ತು' ಅನ್ನುತ್ತಿದ್ದರು, ಬೇರೆ ಯಾರದೋ ಸಂಸಾರದ ಮಾತಿನ ಹಾಗೆ.

ಆ ಊರಿನ ಬಗ್ಗೆ ಬರೆದ ಮೊದಲ ಪುಸ್ತಕವನ್ನು ವಿದ್ವಾಂಸರು ಕಾದಂಬರಿ ಎಂದು ಬದಿಗಿಟ್ಟರು, ಕಾದಂಬರಿಯವರು ಪ್ರಬಂಧವೆಂದು ಆಕಳಿಸಿದರು. ಆಮೇಲೆ ಅದು ಹೇಗೋ ಓದುಗರ ಕೈಗೆ ಬಿತ್ತು, ಹೆಸರು ಬಂತು. ಅವರು ಬದುಕಿಡೀ ವಾದಿಸಿದ್ದು ಒಂದೇ ಮಾತು. ಹೆಂಗಸರು ಗೋಡೆಯ ಮೇಲೆ ಬರೆಯುವುದು ಉಳಿಯಲಿ ಎಂದಲ್ಲ, ಅಳಿಸಿ ಮತ್ತೆ ಬರೆಯಲಿಕ್ಕಾಗಿ. ಅದನ್ನು ಕಾಪಾಡಲು ಹೋದವರು ಕೊಲ್ಲುತ್ತಾರೆ. ಗೋಡೆಯನ್ನೇ ಕೊರೆದು ಕೊಂಡೊಯ್ದು ಗಾಜಿನ ಹಿಂದೆ ಇಟ್ಟವರ ಜೊತೆ ಜಗಳ ಕಾದರು. ಫೋಟೋ ಹೊಡೆಯುವವರನ್ನೂ ಬಿಡಲಿಲ್ಲ. 'ಫೋಟೋ ತೆಗೆದ ಕೂಡಲೇ ಕಣ್ಣು ರಜೆ ಹಾಕುತ್ತದೆ' ಎಂದು ನನ್ನ ಫೋನನ್ನು ಚೀಲದಿಂದ ತೆಗೆಯಗೊಡುತ್ತಿರಲಿಲ್ಲ. ಒಂದು ಗೋಡೆಯೆದುರು ಬೆಳಿಗ್ಗೆ ಕೂತರೆ ಬಿಸಿಲಿಳಿಯುವ ತನಕ ಕೂತು, ಗೆರೆ ಗೆರೆಯನ್ನೂ ಮಾತಿನಲ್ಲಿ ಬರೆದುಕೊಳ್ಳುವುದು ಅವರ ಕೆಲಸದ ರೀತಿ.

ನನ್ನ ಕೆಲಸದ ರೀತಿ ಚಿಂತೆ. ರಕ್ತ ಹೀರುವ ಉಂಬಳ, ಭೇದಿ, ಹಾವು, ಬಿಸಿಲು, ತಪ್ಪಿಹೋಗುವ ಕೊನೆಯ ಬಸ್ಸು, ಎಲ್ಲಕ್ಕೂ ನನ್ನ ಚೀಲದಲ್ಲಿ ಒಂದೊಂದು ಔಷಧವಿರುತ್ತಿತ್ತು. ಯಲ್ಲಾಪುರದ ಇಡಗುಂದಿಯಲ್ಲಿ ಒಂದು ಕೊಟ್ಟಿಗೆಯ ಗೋಡೆ ನೋಡುತ್ತ ಕೂತಾಗ ಎಮ್ಮೆಯೊಂದು ಹಿಂದಿನಿಂದ ಬಂದು ಅವರ ಹುಲ್ಲಿನ ಟೋಪಿಯನ್ನು ತಿಂದೇಬಿಟ್ಟಿತು. ಮನೆಗೆ ಬಂದು ಹೇಳಿದರೆ ನನ್ನ ಗಂಡನಿಗೆ ಖುಷಿಯೋ ಖುಷಿ. 'ಅಲ್ಲ ಮಾರಾಯ್ತಿ, ನೀನು ಲೋಕದ ಚಿಂತೆಯೆಲ್ಲ ಮಾಡ್ತೆ. ಎಮ್ಮೆ ಹೆಂಗೆ ಬಿಟ್ಟುಹೋಯ್ತು?'

ಕೊನೆಗೆ ಅವರು ನೆಲೆನಿಂತದ್ದು ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯಲ್ಲಿ, ಒಬ್ಬ ಅಜ್ಜಿಯ ಮನೆಯಲ್ಲಿ. ಗದ್ದೆ ಬೇಸಾಯದ ಮನೆ. ಅಜ್ಜಿ ಹಸೆಗೋಡೆ ಬರೆಯುವುದರಲ್ಲಿ ಸುತ್ತಿನ ಊರಿಗೆಲ್ಲ ಬೇಕಾದವಳು. ಮದುವೆಯಲ್ಲಿ ಗಂಡು ಹೆಣ್ಣನ್ನು ಕೂರಿಸುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅರೆದ ಅಕ್ಕಿಯ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಎಳೆ ಎಳೆಯುತ್ತಾರೆ. ಚೌಕದೊಳಗೆ ಚೌಕ, ಅದರೊಳಗೆ ಎಳೆಗಳ ನೇಯ್ಗೆ, ಅಂಚಿಗೆ ಪುಟ್ಟ ಪುಟ್ಟ ಜನ, ದಂಡಿಗೆ ಪಲ್ಲಕ್ಕಿ, ಹಕ್ಕಿ. ಅಜ್ಜಿ ಹಾಡು ಹೇಳುತ್ತ ಎಳೆಯುತ್ತಿದ್ದಳು. ಇವರು ಕಂಬಕ್ಕೊರಗಿ ನೋಡುತ್ತಿದ್ದರು. ಊರಿನವರು ಇವರಿಗೆ ಗೋಡೆ ಅಮ್ಮ ಎಂದೇ ಹೆಸರಿಟ್ಟಿದ್ದರು.

ಇಬ್ಬರಿಗೂ ಒಂದು ಭಾಷೆ ಇರಲಿಲ್ಲ. ಇದ್ದದ್ದು ಎಲೆಯಡಿಕೆಯ ತಟ್ಟೆ ಮತ್ತು ನಾನು.

'ಇವ್ಳಿಗೆ ಮಕ್ಕಳು ಮರಿ ಇಲ್ವನೇ?' ಅಜ್ಜಿ ನನ್ನನ್ನು ಕೇಳಿದಳು.

'ಇಲ್ಲ ಅಜ್ಜಿ.'

'ಗಂಡ?'

'ಬಿಟ್ಟು ಹೋದ.'

'ಗೋಡೆ ನೋಡ್ತಾ ಕೂತ್ರೆ ಯಾವ ಗಂಡ ಇರ್ತಾನೆ ಮಾರಾಯ್ತಿ! ನನ್ನವ್ನು ಪುಣ್ಯಾತ್ಮ. ಗೋಡೆಗೆ ಬೆನ್ನು ಹಾಕಿ ಎಲೆ ತಿಂತಾ ಕೂತವ್ನು, ಸಾಯೂ ತನಕ ಒಂದಿನ ತಿರುಗಿ ನೋಡ್ಲಿಲ್ಲ. ಅದ್ಕೇ ಬಾಳ್ವೆ ಆಯ್ತು.'

ಅನುವಾದಿಸಿದೆ. ಗೋಡೆ ಅಮ್ಮ ನಕ್ಕು ನಕ್ಕು ಕೆಮ್ಮಿದರು. ಕೆಮ್ಮು ನಿಲ್ಲಲು ಬಹಳ ಹೊತ್ತು ಬೇಕಾಯಿತು. ನನ್ನ ಸಾವಿರ ಚಿಂತೆಗಳಲ್ಲಿ ನಿಜವಾದದ್ದು ಆ ಕೆಮ್ಮು ಒಂದೇ.

ಅಜ್ಜಿಯ ಮೊಮ್ಮಗಳ ಮದುವೆ ಗೊತ್ತಾಯಿತು. 'ಇದೇ ಕಡೇದು, ಕೈ ನಡುಗ್ತದೆ' ಎಂದು ಅಜ್ಜಿ ಗೋಡೆಗೆ ನಿಂತಳು. ಇವರು ಅದಕ್ಕೆಂದೇ ಬಂದಿದ್ದರು, ಕೊನೆಯ ಪುಸ್ತಕದ ಕೊನೆಯ ಅಧ್ಯಾಯಕ್ಕೆ. ಒಬ್ಬಳೇ ಹೆಂಗಸು, ಅವಳ ಒಂದೇ ಗೋಡೆ, ಮೊದಲ ಎಳೆಯಿಂದ ಕೊನೆಯ ಎಳೆಯ ತನಕ. ಗೋಡೆಯ ಎಡಭಾಗ ಮುಗಿದಿತ್ತು. ಬಲಭಾಗಕ್ಕೆ ಅಜ್ಜಿ ಕೈ ಹಚ್ಚುವ ದಿನ ಇವರ ಕರವಸ್ತ್ರದಲ್ಲಿ ರಕ್ತ ಕಂಡಿತು. ನಾನು ಕಿರುಚಿದೆ. ಸಿದ್ದಾಪುರ, ಶಿರಸಿ, ಹುಬ್ಬಳ್ಳಿ ಎಂದು ಡಾಕ್ಟರುಗಳನ್ನು ದಾಟಿಸಿ ವಿಮಾನ ಹತ್ತಿಸಿದ್ದಾಯಿತು. ಹೊರಡುವಾಗ ಅಜ್ಜಿ ಅಂಗಳಕ್ಕೆ ಬಂದು, 'ಹೋಗು, ಮದ್ದು ಮಾಡ್ಕಂಡು ಬಾ. ಉಳ್ದದ್ದು ನಾ ಬರ್ದಿಡ್ತೆ' ಅಂದಳು.

ಅಜ್ಜಿ ಬರೆದು ಮುಗಿಸಿದಳು, ಮದುವೆ ಆಯಿತು. ಗದ್ದೆ ನಟ್ಟಿಯ ಹೊತ್ತಿಗೆ ಅಜ್ಜಿ ಹೋದಳು, ಜ್ವರವೂ ಇಲ್ಲದೆ.

ಆ ಗೋಡೆಯ ಫೋಟೋ ಯಾರ ಬಳಿಯೂ ಇರಲಿಲ್ಲ. ಮದುವೆಯ ಆಲ್ಬಂ ನಾನೇ ನೋಡಿದ್ದೇನೆ. ಗೋಡೆಯ ಮುಂದೆ ಪ್ಲಾಸ್ಟಿಕ್ ಹೂವಿನ ಕಮಾನು, ಅದರ ಮುಂದೆ ಗಂಡು ಹೆಣ್ಣು, ಅವರ ಮುಂದೆ ನೆಂಟರು. ಎರಡು ಭುಜಗಳ ನಡುವೆ ಒಂದಷ್ಟು ಬಿಳಿ ಎಳೆ ಕಾಣುತ್ತದೆ, ಅಷ್ಟೇ. ಆದರೆ ಗೋಡೆ ಹಾಗೇ ಇತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ, ಗೋಡೆಗೆ ಹೊಸ ಮಣ್ಣು ಬಳಿಯುವುದಿಲ್ಲ. ಹೊಗೆ ಹಿಡಿದು, ಅಂಚು ಉದುರಿದರೂ ಹಾಗೇ ಬಿಡುತ್ತಾರೆ. ಬೆಲ್ಜಿಯಂನಲ್ಲಿದ್ದ ಗೋಡೆ ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. 'ಹಾಗಾದರೆ ಅವಳು ಸತ್ತು ನನಗೊಂದು ವರ್ಷ ಕೊಟ್ಟಿದ್ದಾಳೆ' ಅಂದರು.

ಚಿಕಿತ್ಸೆ ಅವರನ್ನು ಅಷ್ಟು ಬೇಗ ಬಿಡಲಿಲ್ಲ. ಅಂತೂ ಡಾಕ್ಟರ ಮಾತು ಮೀರಿ, ಒಂದು ವಾರದ ಮಟ್ಟಿಗೆ ಹೊರಟು ಬಂದರು. ಹುಬ್ಬಳ್ಳಿಯಿಂದ ಕಾರಿನಲ್ಲಿ ಕರೆತರುವಾಗ ಪಕ್ಕದಲ್ಲಿ ಕೂತವರು ನಾನು ಕಂಡ ಹೆಂಗಸಿನ ಅರ್ಧವಾಗಿದ್ದರು. ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: 'ನಗಬೇಡಿ. ಅಳಿಸಿಹೋಗಲಿ ಬಿಡಿ ಎಂದು ಬದುಕಿಡೀ ಬರೆದವಳು ನಾನು. ಈಗ ಒಂದೇ ಒಂದು ಗೋಡೆ ಉಳಿದಿರಲಿ ಅನ್ನಿಸುತ್ತದೆ. ಅದೂ ಒಂದು ದಿನಕ್ಕೆ. ನಾನು ಬಲಭಾಗ ನೋಡಿದ ಮೇಲೆ ಅಳಿಸಲಿ.'

ನಾನು ನಗಲಿಲ್ಲ. ರಸ್ತೆಯ ಹೊಂಡಗಳಿಗೆ ಅವರ ಬೆನ್ನು ಏನಾಗುವುದೋ ಎಂದು ದಿಂಬು ಸರಿಮಾಡುತ್ತಿದ್ದೆ.

ಹಿಂದಿನ ವಾರವೇ ಅಜ್ಜಿಯ ಸೊಸೆಗೆ ಫೋನು ಮಾಡಿ ಎಲ್ಲ ಹೇಳಿದ್ದೆ. ಎಲ್ಲ ಎಂದರೆ ಎಲ್ಲ.

'ಗೋಡೆ ಅಮ್ಮ ಬರ್ತಿದ್ದಾರೆ. ಅಜ್ಜಿಯ ಗೋಡೆ ನೋಡೋಕಂತಲೇ ಅಷ್ಟು ದೂರದಿಂದ ಬರ್ತಿದ್ದಾರೆ. ನೆಲದ ಮೇಲೆ ಕೂರೋಕಾಗಲ್ಲ, ಬೆನ್ನಿರೋ ಕುರ್ಚಿ ಬೇಕು.'

'ಇಡ್ತೀವಿ.'

'ಕುದಿಸಿ ಆರಿಸಿದ ನೀರು.'

'ಆಯ್ತು.'

'ಹೊಗೆ ಆಗಲ್ಲ ಅವರಿಗೆ. ಖಾರವೂ ಆಗಲ್ಲ. ನಾಯಿ ಕಟ್ಟಿ ಹಾಕಿ.'

'ಒಲೆ ಹಿತ್ಲಿಗೆ ಹಾಕ್ತೀವಿ, ನಾಯಿ ಅಣ್ಣನ ಮನೆಗೆ ಕಳಿಸ್ತೀವಿ. ನೀವು ಹೆದ್ರಬೇಡಿ ಮೇಡಂ. ನೀವು ಹೆದ್ರೂದು ಕೇಳಿ ನಮ್ಗೇ ಜ್ವರ ಬರೂ ಹಂಗಾಯ್ತು.'

ಮರುದಿನ ಬೆಳಿಗ್ಗೆ ಶಿರಸಿಯಿಂದ ಹೊರಟೆವು, ಕಾರಿನಲ್ಲೇ ಆಸ್ಪತ್ರೆಯಿಂದ ಅವರಿಗೆ ಫೋನು ಬಂತು. ಅಂಗಳದಲ್ಲಿ ಕಾಲಿಗೆ ನೀರು ಕೊಟ್ಟರು. ಸೊಸೆ ಹೊಸ ಸೀರೆ ಉಟ್ಟಿದ್ದಳು, ಮೊಣಕೈ ತನಕ ಕೆಂಪು ಮೆತ್ತಿದ್ದು ಮಾತ್ರ ಪೂರ್ತಿ ಹೋಗಿರಲಿಲ್ಲ. ನನ್ನ ತೋಳು ಹಿಡಿದು ಗೋಡೆ ಅಮ್ಮ ಹೊಸ್ತಿಲು ದಾಟಿದರು. ನಡುಮನೆಯಲ್ಲಿ ಗೋಡೆಗೆದುರಾಗಿ ಬೆನ್ನಿರುವ ಕುರ್ಚಿ ಇತ್ತು, ಮೇಲೆ ಮಡಿಸಿದ ಕಂಬಳಿ. ಪಕ್ಕದ ಸ್ಟೂಲಿನ ಮೇಲೆ ಆರಿಸಿದ ನೀರು. ನಾನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಗೋಡೆ ಮಾತ್ರ ನೆಲದಿಂದ ತೊಲೆಯ ತನಕ ಹಸಿ ಕೆಂಪಾಗಿತ್ತು. ಒಂದು ಎಳೆ ಇರಲಿಲ್ಲ. ಮಳೆ ಬಿದ್ದ ನೆಲದ ವಾಸನೆ ಕೋಣೆಯೆಲ್ಲ ತುಂಬಿತ್ತು.

ಅವರು ಕುರ್ಚಿಯಲ್ಲಿ ಕೂತರು, ಉಸಿರು ತೆಗೆದುಕೊಂಡರು. ಸೊಸೆಯನ್ನು ನೋಡಿ ನಕ್ಕರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

'ಅವಳ ಗೋಡೆ ಯಾವ ಕೋಣೆಯಲ್ಲಿದೆ?'

ಆ ಪ್ರಶ್ನೆಗೆ ನಾನು ಉತ್ತರ ಕೊಡಬೇಕಿತ್ತು. ಇಂಗ್ಲಿಷಿನಲ್ಲಿ ಅದು ಎರಡೇ ಮಾತು. 'ಇದೇ ಗೋಡೆ' ಅಂದೆ.

ಅಷ್ಟರಲ್ಲಿ ಸೊಸೆ ಶುರುಮಾಡಿದ್ದಳು. 'ಮೊನ್ನೆನೇ ವರ್ಷದ ಕಾರ್ಯ ಮುಗೀತು ಮೇಡಂ. ನಿನ್ನೆ ಒಂದು ಸಲ ಬಳ್ದಿದ್ವಿ, ಇವತ್ತು ಬೆಳಿಗ್ಗೆ ಮತ್ತೊಂದು ಸಲ. ಮಣ್ಣು ದೂರದಿಂದ ತರ್ಸಿದ್ದು, ಹತ್ರದ್ದು ಇಷ್ಟು ಕೆಂಪು ಬರೂದಿಲ್ಲ. ಗೋಡೆ ಅಮ್ಮ ಗೋಡೆ ನೋಡೂಕೆ ಬರೂವಾಗ ಸೂತಕದ ಗೋಡೆ ತೋರ್ಸೂದಾ? ನಾವು ಅಷ್ಟು ಕೆಟ್ಟ ಜನವಾ?'

ಹೆಣ್ಣು ನೋಡಲು ಬರುತ್ತಾರೆಂದು ಹೇಳಿಕಳಿಸಿದರೆ ಯಾವ ಮನೆಯವರಾದರೂ ಹೆಣ್ಣಿಗೆ ತಲೆಸ್ನಾನ ಮಾಡಿಸದೆ ಇರುತ್ತಾರೆಯೇ? ನಾಯಿಯ ತನಕ ಯೋಚಿಸಿದ ನನ್ನ ತಲೆಗೆ ಅದೊಂದು ಹೊಳೆದಿರಲಿಲ್ಲ.

ಗೋಡೆ ಅಮ್ಮ ಏನನ್ನೋ ಫ್ರೆಂಚಿನಲ್ಲಿ ಅಂದರು. ನನಗೆ ಅರ್ಥವಾಗಲಿಲ್ಲ, ನನಗೆಂದು ಹೇಳಿದ್ದೂ ಅಲ್ಲ.

'ಎಂತ ಹೇಳಿದ್ರು?' ಅಂದಳು ಸೊಸೆ.

'ಅಜ್ಜಿ ನೆನಪಾಗ್ತಿದೆಯಂತೆ.'

ಸೊಸೆಯ ಕಣ್ಣು ತುಂಬಿಕೊಂಡಿತು. 'ನಮ್ಗೂ ಅಷ್ಟೇ. ಅತ್ತೆ ಎಳ್ದದ್ದರ ಮೇಲೆ ಮಣ್ಣು ಹಾಕೂಕೆ ನಂಗೆ ಕೈಯೇ ಬರ್ಲಿಲ್ಲ. ಇನ್ನೊಂದಿಷ್ಟು ದಿನ ಇರ್ಲಿ ಅಂತಿದ್ದೆ. ಗೋಡೆ ಅಮ್ಮ ಬರೂದಲ್ಲಾಂತ ಗಟ್ಟಿ ಮನಸು ಮಾಡ್ದೆ.'

ಇದನ್ನು ನಾನು ಕೂಡಲೇ ಅನುವಾದಿಸಲಿಲ್ಲ. ಅವರು ಕಾಯುತ್ತಿದ್ದರು. 'ಏನಂತೆ?' ಎಂದು ಕೇಳಿದರು. ಅವರ ಕೆಲಸವೇ ಅದಲ್ಲವೇ, ಏನಂತೆ ಎಂದು ಕೇಳುವುದು. ಹೇಳಿದೆ. ಪೂರ್ತಿ ಹೇಳಿದೆ.

ಅವರು ಸೊಸೆಯ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ನಾನು ಸುಮ್ಮನಿರಲಾರದೆ ಅವರ ಕಿವಿಯಲ್ಲಿ ಪಿಸುಗುಟ್ಟಿದೆ. ಮಣ್ಣು ಇನ್ನೂ ಹಸಿಯಿದೆ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಕೆಳಗಿನ ಎಳೆ ಸ್ವಲ್ಪವಾದರೂ ಕಂಡೀತು, ಇವರಿಗೆ ಹೇಳಲೇ? ಅವರು ತಲೆಯಾಡಿಸಿದರು. 'ಬೇಡ. ಅಳಿಸಿದ ಎಳೆಗಳಿಗಾಗಿಯೇ ನಾನು ಬಂದೆನೆಂದು ಇವರಿಗೆ ಗೊತ್ತಾಗಬಾರದು.' ಆಮೇಲೆ ನಗುವ ಪ್ರಯತ್ನ ಮಾಡಿದರು. 'ನನ್ನ ಪುಸ್ತಕಗಳನ್ನು ನಂಬಿ ನಡೆದವರು ಲೋಕದಲ್ಲಿ ಈ ಮನೆಯವರು ಮಾತ್ರ.'

ಎದ್ದರು. ನಾನು ತೋಳು ಕೊಡಲು ಹೋದರೆ ಬೇಡವೆಂದರು. ಎಡಭಾಗದೆದುರು, ತಾವು ದಿನವಿಡೀ ನೋಡಿ ಬರೆದುಕೊಂಡಿದ್ದ ಭಾಗದೆದುರು, ತುಸು ನಿಂತರು. ಆಮೇಲೆ ಬಲಕ್ಕೆ ಸರಿದರು. ಕಾಣದ ಭಾಗವನ್ನು ಮೇಲಿಂದ ಕೆಳಗಿನ ತನಕ, ಅಲ್ಲಿ ಎಳೆಗಳಿವೆ ಎಂಬಂತೆ ನೋಡಿದರು. ನಿಲ್ಲಲು ತ್ರಾಣ ಸಾಲಲಿಲ್ಲವೋ ಏನೋ, ಅಂಗೈಯನ್ನು ಗೋಡೆಗೆ ಊರಿದರು. ಮೈಯ ಭಾರವೆಲ್ಲ ಆ ಕೈಯ ಮೇಲೆ. ಇಷ್ಟು ವರ್ಷಗಳಲ್ಲಿ ಅವರು ಯಾವ ಗೋಡೆಯನ್ನೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಮುಟ್ಟಬಾರದೆಂಬುದು ಅವರ ಕಸುಬಿನ ನೇಮ.

ಕೈ ತೆಗೆದಾಗ ಗೋಡೆಯಲ್ಲಿ ಐದು ಬೆರಳೂ ಮೂಡಿದ್ದವು.

'ಅಯ್ಯೋ, ಕೈಯೆಲ್ಲಾ ಮಣ್ಣಾಯ್ತಲ್ಲ!' ಸೊಸೆ ಓಡಿಬಂದು ಅವರನ್ನು ಕುರ್ಚಿಗೆ ಕೂರಿಸಿದಳು. ತಂಬಿಗೆ ತಂದು, ಮಗುವಿನ ಕೈ ತೊಳೆಯುವ ಹಾಗೆ ಬೆರಳ ಸಂದಿಗಳನ್ನೆಲ್ಲ ತೊಳೆದು, ಹೊಸ ಸೀರೆಯ ಸೆರಗಿನಲ್ಲೇ ಒರೆಸಿದಳು. ಆಮೇಲೆ ಮೂಲೆಯಲ್ಲಿದ್ದ ಬಟ್ಟೆಯನ್ನು ಕೆಮ್ಮಣ್ಣಿನ ಗಡಿಗೆಗೆ ಅದ್ದಿ, ಹಿಂಡಿ, ಬೆರಳುಗಳ ಮೇಲೆ ಎಡದಿಂದ ಬಲಕ್ಕೆ ಒಂದು ಸಲ ಸವರಿದಳು. 'ಹಸಿ ಅಂತ ಗೊತ್ತಾಗ್ಲಿಲ್ಲ ಪಾಪ, ಅವ್ರಿಗೆ' ಎಂದು ನನಗೆ ಹೇಳಿದಳು, ಅವರಿಗೆ ನಾಚಿಕೆಯಾಗಬಾರದೆಂದು ದನಿ ತಗ್ಗಿಸಿ.

ಇರಲಿ ಬಿಡು ಎಂದು ನಾನು ಹೇಳುವಷ್ಟರಲ್ಲಿ ಗೋಡೆ ಮತ್ತೆ ನುಣ್ಣಗಾಗಿತ್ತು.

ಗೋಡೆ ಅಮ್ಮ ಆ ಕೈ ಸವರಿಹೋಗುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. 'ಯಾವಾಗ ಒಣಗುತ್ತದಂತೆ, ಕೇಳಿ' ಅಂದರು.

ಕೇಳಿದೆ.

'ಮಳೆ ಬಿಟ್ಟು ಬಿಸಿಲು ಹಿಂಗೇ ಇದ್ರೆ ಸಂಜೆಗೆ ಒಣಗ್ತದೆ. ನಾಳೆ ಎಳೆ ಎಳೀತೀವಿ. ಅತ್ತೆ ಹಂಗೆ ನಂಗೆ ಬರೂದಿಲ್ಲ, ಆದ್ರೂ ಎಳೀತೆ. ನಾಳೆನೂ ಬಂದು ಕೂತ್ಕಂಡು ನೋಡ್ಲಿ, ಹೇಳಿ ಅವ್ರಿಗೆ. ಬರ್ತಾರಲ್ವಾ?'

ಅಂದು ರಾತ್ರಿಯೇ ಹುಬ್ಬಳ್ಳಿಗೆ ಹೊರಡಬೇಕೆಂದು ಅವರು ಕಾರಿನಲ್ಲಿ ಬರುವಾಗಲೇ ನಿರ್ಧರಿಸಿದ್ದರು. ಆಸ್ಪತ್ರೆಯವರು ವಾರ ಕಾಯದೆ ಅವರನ್ನು ಹಿಂದಕ್ಕೆ ಕರೆದಿದ್ದರು. ನಾನು ಸೊಸೆಯ ಮಾತನ್ನಷ್ಟೇ ಅನುವಾದಿಸಿದೆ.

'ಬರುತ್ತೇನೆಂದು ಹೇಳಿ' ಅಂದರು.

ಹೇಳಿದೆ.